ಏಡಿಯ ಎಂಟನೇ ಬೂಟು

ಚೌಡನಕುಂಟೆಯಲ್ಲಿ ಗಡಿಯಾರ ಇರಲಿಲ್ಲವೆಂದಲ್ಲ. ಮನೆಗೊಂದು ಇತ್ತು, ಕೆಲವು ನಡೆಯುತ್ತಲೂ ಇದ್ದವು. ಆದರೆ ಊರು ಅವುಗಳ ಮಾತು ಕೇಳುತ್ತಿರಲಿಲ್ಲ. ಹಾಲಿನ ಡೈರಿಯ ಮಾಳಿಗೆಯ ಮೇಲೊಂದು ಮೈಕು ಇತ್ತು. ಅದು ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದೂವರೆಗೊಮ್ಮೆ ದೇವರ ಹಾಡು ಹಾಡುತ್ತಿತ್ತು. ಹಾಡು ಶುರುವಾದರೆ ಡೈರಿ ಬಾಗಿಲು ತೆರೆಯಿತು, ಕ್ಯಾನು ಎತ್ತಿಕೊಂಡು ಬನ್ನಿ ಎಂದು ಅರ್ಥ. ಹಾಡು ನಿಂತರೆ ಹಾಲಿನ ಲಾರಿ ಬಂತು, ಇನ್ನು ನಿಮ್ಮ ಹಾಲು ನೀವೇ ಕುಡಿಯಿರಿ ಎಂದು ಅರ್ಥ. ಇವೆರಡರ ನಡುವಿನ ಮುಕ್ಕಾಲು ಗಂಟೆಯಲ್ಲಿ ಊರಿನ ಮದುವೆ, ಮನಸ್ತಾಪ, ಪಂಚಾಯಿತಿ ಎಲೆಕ್ಷನ್ನು ಎಲ್ಲವೂ ಸಾಲಿನಲ್ಲಿ ನಿಂತೇ ತೀರ್ಮಾನವಾಗುತ್ತಿದ್ದವು.

ಆಂಜಿನಪ್ಪ ಮೇಷ್ಟ್ರ ಹಣೆಬರಹವೂ ಅಲ್ಲೇ ತೀರ್ಮಾನವಾಯಿತು, ಸಂಕ್ರಾಂತಿಯ ಮಾರನೆಯ ದಿನ ಸಂಜೆ. ಅವರು ಊರಿನ ಸರ್ಕಾರಿ ಶಾಲೆಗೆ ಇದ್ದ ಒಬ್ಬರೇ ಮೇಷ್ಟ್ರು. ಯಲ್ದೂರಿನಿಂದ ದಿನಾ ಮೊಪೆಡ್‌ನಲ್ಲಿ ಬರುತ್ತಿದ್ದರು. ಹೋಗುವಾಗ ಡೈರಿಯಲ್ಲಿ ಅರ್ಧ ಲೀಟರ್ ಹಾಲು ಕೊಂಡು ಹೋಗುವುದು ವಾಡಿಕೆ. ಆ ದಿನ ಡೈರಿ ಅಧ್ಯಕ್ಷೆ ಅಕ್ಕಯಮ್ಮ ಅವರನ್ನು ಪಕ್ಕಕ್ಕೆ ಕರೆದರು. ಪಕ್ಕಕ್ಕೆ ಕರೆದದ್ದು ಮರ್ಯಾದೆಗೆ. ಮಾತು ಮಾತ್ರ ಸಾಲಿಗೆಲ್ಲ ಕೇಳಿಸುವಂತೆಯೇ ಇತ್ತು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಜೂನ್‌ಗೆ ನಮ್ಮ ಮೌನಿಕಾನ ವ್ಯಾನಿಗೆ ಹಾಕ್ತಾ ಇದ್ದೀವಿ."

ವ್ಯಾನೆಂದರೆ ಶ್ರೀನಿವಾಸಪುರದ ಕಾನ್ವೆಂಟಿನ ಹಳದಿ ವ್ಯಾನು. ಮೌನಿಕಾ ಅಕ್ಕಯಮ್ಮನ ಮೊಮ್ಮಗಳು, ಮೂರನೇ ತರಗತಿ.

"ಯಾಕಮ್ಮಾ? ನಮ್ಮ ಸ್ಕೂಲಲ್ಲಿ ಏನು ಕಡಿಮೆ ಆಯ್ತು?"

"ಏನೂ ಕಡಿಮೆ ಇಲ್ಲ. ಅನ್ನ ಸಾರು ಚೆನ್ನಾಗಿದೆ, ಗೋಡೆಗೆ ಬಣ್ಣ ಹೊಡೆಸಿದ್ದೀರಿ, ನೀವೂ ಒಳ್ಳೆಯವರು. ಇಂಗ್ಲಿಷ್ ಒಂದಿಲ್ಲ."

ಮೇಷ್ಟ್ರು ಮನಸ್ಸಿನಲ್ಲೇ ಎಣಿಸಿದರು. ಶಾಲೆಯಲ್ಲಿದ್ದದ್ದು ಹದಿಮೂರು ಮಕ್ಕಳು. ಮೌನಿಕಾ ಹೋದರೆ ಆ ಬೀದಿಯ ಇನ್ನೂ ನಾಲ್ವರು ಹಿಂದೆಯೇ ಹೋಗುತ್ತಾರೆ. ಅಕ್ಕಯಮ್ಮ ಬೆಂಡೆ ಹಾಕಿದ ವರ್ಷ ಬೀದಿಗೆ ಬೀದಿಯೇ ಬೆಂಡೆ ಹಾಕುತ್ತಿತ್ತು. ಉಳಿಯುವುದು ಎಂಟು. ಎಂಟು ಮಕ್ಕಳ ಶಾಲೆಯನ್ನು ಯಲ್ದೂರಿನ ಶಾಲೆಯೊಳಗೆ ಸೇರಿಸಿ ಇಲ್ಲಿ ಬೀಗ ಹಾಕುತ್ತಾರೆಂದು ತಾಲ್ಲೂಕಿನಲ್ಲಿ ಮಾತು ನಡೆದೇ ಇತ್ತು. ಹತ್ತೊಂಬತ್ತು ವರ್ಷ ತಾವೇ ತೆಗೆದು ತಾವೇ ಹಾಕಿದ ಬೀಗ ಅದು.

"ಇಂಗ್ಲಿಷ್ ತಾನೇ? ಯುಗಾದಿ ಹೊತ್ತಿಗೆ ಮಾತಾಡಿಸ್ತೀನಿ," ಎಂದುಬಿಟ್ಟರು.

ಹಾಗೆನ್ನಬೇಕೆಂದು ಅವರು ಅಂದುಕೊಂಡಿರಲಿಲ್ಲ. ಸಾಲು ನೋಡುತ್ತಿತ್ತು, ಅದಕ್ಕೆ ಅಂದರು. ಇಪ್ಪತ್ತೆಂಟು ಕ್ಯಾನುಗಳು ಸಾಕ್ಷಿಯಾದವು.

"ಯುಗಾದಿಗೆ?" ಅಕ್ಕಯಮ್ಮ ಕೇಳಿದರು.

"ಯುಗಾದಿಗೆ."

"ಸರಿ, ಬೇವು ಬೆಲ್ಲ ತಿನ್ನೋಕೆ ಮುಂಚೆ ನೋಡ್ತೀನಿ."

ಆಂಜಿನಪ್ಪನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಅವರದು ಅರ್ಜಿಯ ಇಂಗ್ಲಿಷು. ರಜೆ ಕೇಳುವುದಕ್ಕೂ, ಕೊಟ್ಟ ರಜೆಗೆ ಕೃತಜ್ಞತೆ ಹೇಳುವುದಕ್ಕೂ ಧಾರಾಳವಾಗಿ ಸಾಕಾಗುತ್ತಿತ್ತು. ಏಳೆಂಟು ವರ್ಷದ ಮಕ್ಕಳಿಗೆ ರಜೆ ಅರ್ಜಿಯ ಅಗತ್ಯ ಅಷ್ಟಾಗಿ ಬೀಳುವುದಿಲ್ಲ, ಅಷ್ಟೆ.

ಆದರೆ ಅವರ ಅದೃಷ್ಟಕ್ಕೆ ಅದೇ ತಿಂಗಳು ಶ್ರೀನಿವಾಸಪುರದಲ್ಲಿ ಎರಡು ದಿನದ ತರಬೇತಿ ನಡೆಯಿತು. ಕೋಲಾರದಿಂದ ಬಂದಿದ್ದ ಮೇಡಂ ಹೇಳಿದರು: "ಭಾಷೆ ಮೊದಲು ಕಿವಿಗೆ ಬರಬೇಕು, ಆಮೇಲೆ ಬಾಯಿಗೆ. ಹಾಡು ಕೇಳಿಸಿ, ಕಥೆ ಕೇಳಿಸಿ. ಆಟ ಆಡ್ತಾ, ಊಟ ಮಾಡ್ತಾ, ಸುಮ್ಮನೆ ನಿಂತಿರುವಾಗ ಕೂಡ ಕಿವಿ ಮೇಲೆ ಬೀಳ್ತಾ ಇರ್ಲಿ. ಅದೇ ಹಾಡು, ಅದೇ ಕಥೆ, ಮತ್ತೆ ಮತ್ತೆ." ಮೇಷ್ಟ್ರು ಎಲ್ಲವನ್ನೂ ಬರೆದುಕೊಂಡು, 'ಸುಮ್ಮನೆ ನಿಂತಿರುವಾಗ ಕೂಡ' ಎಂಬುದರ ಕೆಳಗೆ ಗೆರೆ ಎಳೆದರು. ಕೊನೆಗೆ ಪ್ರತಿ ಶಾಲೆಗೂ ಒಂದು ಪೆನ್‌ಡ್ರೈವು, ಅದನ್ನು ಹಾಡಿಸಲು ಇಟ್ಟಿಗೆಯಷ್ಟು ದಪ್ಪದ ಒಂದು ಕರಿ ಸ್ಪೀಕರ್ ಪೆಟ್ಟಿಗೆ ಕೊಟ್ಟರು.

ಪೆಟ್ಟಿಗೆ ಚೌಡನಕುಂಟೆಯಲ್ಲಿ ಒಂದೂವರೆ ದಿನ ಬಾಳಿತು.

ಎರಡನೆಯ ದಿನ ಮಧ್ಯಾಹ್ನ, ಊಟ ಮಾಡುತ್ತಾ ಕೇಳಲೆಂದು ಮೇಷ್ಟ್ರು ಅದನ್ನು ಅಡುಗೆಕೋಣೆಯ ಕಟ್ಟೆಯ ಮೇಲಿಟ್ಟು ಕೈ ತೊಳೆಯಲು ಹೋದರು. ಬರುವಷ್ಟರಲ್ಲಿ ಬಿಸಿಯೂಟದ ಆದಿಲಕ್ಷ್ಮಿ ಅದರ ಮೇಲೆ ಸಾಂಬಾರಿನ ಪಾತ್ರೆ ಇಳಿಸಿದ್ದಳು.

"ಏನಮ್ಮಾ ಮಾಡ್ದೆ!"

"ಚಪ್ಪಟೆಯಾಗಿತ್ತು ಸಾರ್, ಮಣೆ ಅನ್ಕೊಂಡೆ."

"ಅದು ಹಾಡ್ತಾ ಇತ್ತಲ್ಲಮ್ಮಾ!"

"ಹಾಡ್ತಾ ಇತ್ತು. ಪಾತ್ರೆ ಇಟ್ಟ ಮೇಲೆ ಸುಮ್ಮನಾಯ್ತು."

ಪೆಟ್ಟಿಗೆಯನ್ನು ಬಿಸಿಲಿಗಿಟ್ಟರು, ಅಕ್ಕಿ ಮೂಟೆಯಲ್ಲಿ ಹೂತಿಟ್ಟರು. ಅದರಿಂದ ಸಾಂಬಾರಿನ ವಾಸನೆಯಲ್ಲದೆ ಬೇರೇನೂ ಹೊರಡಲಿಲ್ಲ. ಪೆನ್‌ಡ್ರೈವು ಮಾತ್ರ ಪೆಟ್ಟಿಗೆಯ ಹೊರಕ್ಕೆ ಚಾಚಿಕೊಂಡಿದ್ದುದರಿಂದ ಉಳಿದುಕೊಂಡಿತು.

ಊರಿನಲ್ಲಿ ಹಾಡುವ ಇನ್ನೊಂದು ಸಾಮಾನಿದ್ದದ್ದು ಡೈರಿಯಲ್ಲಿ. ಸಂಜೆಯ ಲಾರಿ ಹೋದ ಮೇಲೆ ಮೇಷ್ಟ್ರು ಡೈರಿ ಸೆಕ್ರೆಟರಿ ಸುರೇಶನ ಹತ್ತಿರ ಹೋದರು.

"ಅದಕ್ಕೇನಂತೆ ಮೇಷ್ಟ್ರೇ. ಹೇಗೂ ಮಕ್ಕಳೆಲ್ಲ ಸಂಜೆ ಹಾಲು ಹಾಕೋಕೆ ಬಂದೇ ಬರ್ತಾವೆ. ಒಂದು ಹೊತ್ತು ದೇವರಿಗೂ ರೆಸ್ಟ್ ಆಗ್ಲಿ," ಎಂದ ಸುರೇಶ. ದೇವರ ಪೆನ್‌ಡ್ರೈವನ್ನು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡು, ಮೇಷ್ಟ್ರದನ್ನು ಚುಚ್ಚಿದ. ಆ ಸಂಜೆ ಅಂಗಿ ಮನೆಗೆ ಹೋಯಿತು, ರಾತ್ರಿ ನೆನೆಯಿತು, ಬೆಳಿಗ್ಗೆ ಒಗೆಯುವ ಕಲ್ಲು ಹತ್ತಿತು. ಅಲ್ಲಿಗೆ ದೇವರ ಹಾಡಿನ ಕಥೆ ಮುಗಿಯಿತು.

ಮಾರನೆಯ ಬೆಳಿಗ್ಗೆ ಆರಕ್ಕೆ, ಮಾವಿನ ತೋಟಗಳ ಮೇಲೆ ಇನ್ನೂ ಮಂಜು ಇಳಿಯುತ್ತಿರುವಾಗ, ಒಬ್ಬ ಹೆಂಗಸಿನ ಉತ್ಸಾಹದ ದನಿ ಚೌಡನಕುಂಟೆಯನ್ನು ಎಬ್ಬಿಸಿತು.

"ಗುಡ್ ಮಾರ್ನಿಂಗ್, ಚಿಲ್ಡ್ರನ್! ಸ್ಟ್ಯಾಂಡ್ ಇನ್ ಎ ಲೈನ್!"

ಮೊದಲು ಬಂದದ್ದು ದೊಡ್ಡಗಂಗಮ್ಮ. ಎಪ್ಪತ್ತೆರಡು ವರ್ಷ, ಒಂದು ಹಸು, ಆಂಧ್ರದ ಗಡಿಯಿಂದ ಮದುವೆಯಾಗಿ ಬಂದ ಬಾಯಿ.

"ಏಮ್ರಾ ಸುರೇಶಾ, ದೇವರನ್ನ ಎಲ್ಲಿಗೋ ಕಳಿಸಿ ಯಾವಳನ್ನೋ ತಂದು ಕೂರಿಸಿದ್ದೀಯಲ್ಲೋ!"

"ಅಜ್ಜೀ, ಅದು ಇಂಗ್ಲಿಷು."

"ಗೊತ್ತಾಯ್ತು ಬಿಡು. ನಮ್ಮೋಳಾಗಿದ್ರೆ ಇಷ್ಟು ಹೊತ್ತಿಗೆ ಕಾಫಿ ಕೇಳ್ತಾ ಇದ್ಲು."

ಎರಡು ದಿನ ಗೊಣಗಾಟ ನಡೆಯಿತು. ಮೂರನೆಯ ದಿನ ಯಾರೋ ಹಾಲಿನ ಚೀಟಿ ನೋಡಿದರು. ಫ್ಯಾಟು, ಅಂದರೆ ಹಾಲಿಗೆ ರೇಟು ಕಟ್ಟುವ ಕೊಬ್ಬಿನ ಅಂಶ, ಏರಿತ್ತು. ಪಕ್ಕದವರದೂ ಏರಿತ್ತು. ವಾರದೊಳಗೆ ಇಡೀ ಊರಿನ ಫ್ಯಾಟು ಮೂರೂವರೆಯಿಂದ ನಾಲ್ಕು ದಾಟಿತು. ಅದೇ ವಾರ ಡೈರಿಗೆ ಹೊಸ ಟೆಸ್ಟಿಂಗ್ ಮಿಷನ್ ಬಂದಿತ್ತೆಂಬುದೂ, ಹಾಲಿಗೆ ನೀರು ಬೆರೆಸಿದ್ದರೆ ಅದು ಹೆಸರು ಸಮೇತ ಚೀಟಿಯಲ್ಲಿ ಬರೆದು ಕೊಡುತ್ತಿತ್ತೆಂಬುದೂ ನಿಜ. ಆದರೆ ಅದೇ ಕಾರಣವೆಂದು ಒಪ್ಪಬೇಕಾದರೆ ಅದಕ್ಕಿಂತ ಮೊದಲು ಒಪ್ಪಬೇಕಾದ ಬೇರೆ ಸಂಗತಿಗಳಿದ್ದವು. ಊರು ಸುಲಭದ ದಾರಿ ಹಿಡಿಯಿತು. ಹಸುಗಳಿಗೆ ಇಂಗ್ಲಿಷ್ ಒಗ್ಗಿದೆ ಎಂದಿತು.

"ನಮ್ಮ ಗೌರಿ ಒದೆಯೋದೇ ಬಿಟ್ಟವ್ಳೆ," ಎಂದು ದೊಡ್ಡಗಂಗಮ್ಮ ಸಾಲಿಗೆ ಸಾರಿದಳು. "ಆ ಯಮ್ಮ ಗುಡ್ ಮಾರ್ನಿಂಗ್ ಅಂದ ತಕ್ಷಣ ಕಿವಿ ನಿಮಿರಿಸ್ಕೊಂಡು ಹಾಲು ಬಿಡ್ತಾಳೆ."

ಮೇಷ್ಟ್ರು ಪೆನ್‌ಡ್ರೈವ್ ವಾಪಸು ಕೇಳಲು ಹೋದಾಗ ಅದಕ್ಕೆ ಕುಂಕುಮ ಇಟ್ಟಿತ್ತು. ಯಾರೂ ಕೀಳದಂತೆ ಸುರೇಶ ಅದನ್ನು ಆಂಪ್ಲಿಫೈಯರಿಗೆ ಸೇರಿಸಿ ನಾಲ್ಕು ಸುತ್ತು ಟೇಪು ಸುತ್ತಿದ್ದ.

"ಕೊಡಲ್ಲ ಅಂತ ಅಲ್ಲ ಮೇಷ್ಟ್ರೇ," ಎಂದರು ಅಕ್ಕಯಮ್ಮ. "ಇಲ್ಲೇ ಇರ್ಲಿ ಅಂತ."

"ಅದು ಮಕ್ಕಳಿಗೆ ಕೊಟ್ಟಿರೋದಮ್ಮಾ."

"ಮಕ್ಕಳೂ ಇಲ್ಲೇ ಬರ್ತಾವಲ್ಲ. ಎರಡು ಹೊತ್ತೂ ನಿಂತ್ಕೊಂಡು ಕೇಳ್ತಾವೆ. ನೀವೂ ಬನ್ನಿ."

ಮೇಷ್ಟ್ರು ತಮ್ಮ ಪುಸ್ತಕ ತೆಗೆದು ಗೆರೆ ಎಳೆದಿದ್ದ ಸಾಲನ್ನು ನೋಡಿದರು. ಸುಮ್ಮನೆ ನಿಂತಿರುವಾಗ ಕೂಡ. ಪುಸ್ತಕ ಮುಚ್ಚಿ ಸಾಲಿನ ಪಕ್ಕಕ್ಕೆ ಹೋಗಿ ನಿಂತರು.

ಅಂದಿನಿಂದ ಚೌಡನಕುಂಟೆಯ ಇಂಗ್ಲಿಷ್ ತರಗತಿ ಡೈರಿಯ ಮುಂದೆ, ದಿನಕ್ಕೆರಡು ಹೊತ್ತು. ಹದಿಮೂರು ಮಕ್ಕಳೂ ಕೈಯಲ್ಲಿ ಕ್ಯಾನು ಹಿಡಿದು ಅಜ್ಜಿ ತಾಯಂದಿರ ನಡುವೆ ನಿಂತಿರುತ್ತಿದ್ದರು. ಮೇಷ್ಟ್ರು ಪಕ್ಕದಲ್ಲಿ ಕೋಲಾರದಿಂದ ತಂದ ದಪ್ಪ ಡಿಕ್ಷನರಿ ಹಿಡಿದಿರುತ್ತಿದ್ದರು. ಆ ಆಂಪ್ಲಿಫೈಯರಿಗೆ ಒಂದು ಗುಣ. ಆರಿಸಿ ಹಾಕಿದರೆ ಎಲ್ಲವನ್ನೂ ಮೊದಲಿನಿಂದಲೇ ಶುರುಮಾಡುತ್ತಿತ್ತು. ಹೀಗಾಗಿ ಸಂಜೆ ಐದೂವರೆಗೂ ಆ ಹೆಂಗಸು ಗುಡ್ ಮಾರ್ನಿಂಗ್ ಎಂದೇ ಹೇಳುತ್ತಿದ್ದಳು. ಊರು ಅದನ್ನು ಅವಳ ಮನೆಯ ಪದ್ಧತಿಯೆಂದು ಬಿಟ್ಟುಬಿಟ್ಟಿತು. "ಶೋ ಮಿ ಯುವರ್ ನೋಸ್" ಎಂದರೆ ಮಕ್ಕಳು ಮೂಗು ಮುಟ್ಟಬೇಕು. ಮುಟ್ಟಿದರು. ಎಂಟು ಹತ್ತು ದಿನದಲ್ಲಿ ದೊಡ್ಡವರ ಕೈಗಳೂ ತಮ್ಮಷ್ಟಕ್ಕೆ ಮೂಗಿನ ಕಡೆ ಹೋಗತೊಡಗಿದವು. ಆಮೇಲೆ ಹಾಡು: "ಇಟ್ ಈಸ್ ಹಾಟ್, ಇಟ್ ಈಸ್ ಹಾಟ್, ಗಿವ್ ದಿ ಬಫೆಲೋ ಎ ಹ್ಯಾಟ್." ಎಮ್ಮೆಗೆ ಟೋಪಿ ಕೊಡಿ ಎಂದು ಮೇಷ್ಟ್ರು ಅರ್ಥ ಹೇಳಿದಾಗ, ಹಾಲು ಕೊಡುವುದು ಹಸುಗಳು, ಟೋಪಿ ಮಾತ್ರ ಎಮ್ಮೆಗೋ ಎಂದು ಸಾಲಿನಲ್ಲಿ ಆಕ್ಷೇಪಣೆ ಎದ್ದಿತು.

ಸುದ್ದಿ ಸುತ್ತ ಹಬ್ಬಿತು. ಮುಳಬಾಗಿಲಿನಿಂದ ಅಕ್ಕಯಮ್ಮನ ಅಳಿಯ ಫೋನ್ ಮಾಡಿ, "ಅತ್ತೇ, ಅದನ್ನ ನಮಗೂ ಕಳಿಸ್ತೀರಾ?" ಎಂದು ಕೇಳಿದ.

"ಬೇಡಪ್ಪಾ, ನಿಮ್ಮ ಕಡೆ ಹಸುಗಳಿಗೆ ತೆಲುಗಲ್ಲಿ ಹೇಳಿದ್ರೇನೇ ಅರ್ಥ ಆಗೋದು," ಎಂದು ಅಕ್ಕಯಮ್ಮ ಫೋನಿಟ್ಟರು.

ಇಷ್ಟರವರೆಗೆ ಎಲ್ಲ ಸರಿಯಾಗಿಯೇ ಇತ್ತು. ತೊಂದರೆ ಬಂದದ್ದು ಏಡಿಯಿಂದ.

ಹಾಡು ಮುಗಿದ ಮೇಲೆ ಒಂದು ಕಥೆ ಬರುತ್ತಿತ್ತು. ಒಂದು ಏಡಿ. ಅದಕ್ಕೆ ಎಂಟು ಕಾಲು, ಎಂಟು ಬೂಟು. ಒಂದು ದಿನ ಎದ್ದು ನೋಡಿದರೆ ಏಳೇ ಬೂಟು. ಏಡಿ ಮೀನನ್ನು ಕೇಳಿತು, "ಹ್ಯಾವ್ ಯು ಸೀನ್ ಮೈ ಶೂ?" ಮೀನು ನೋ ಎಂದಿತು. ಕಪ್ಪೆಯನ್ನು ಕೇಳಿತು, ನೋ. ಬಾತುಕೋಳಿಯನ್ನು ಕೇಳಿತು, ನೋ. ಕೊನೆಗೆ ಒಂದು ದೊಡ್ಡ ಕಲ್ಲಿನ ಹತ್ತಿರ ಬಂತು. ಕಲ್ಲಿನ ಹಿಂದೆ ಏನೋ ಅಲುಗಾಡಿತು. "ಹೂ ಈಸ್ ಬಿಹೈಂಡ್ ದಿ ಸ್ಟೋನ್?" ಎಂದು ಏಡಿ ಕೇಳಿತು.

ಅಷ್ಟು ಹೊತ್ತಿಗೆ ಸರಿಯಾಗಿ ಹಾಲಿನ ಲಾರಿ ಬಂದು ಹಾರನ್ ಹೊಡೆಯುತ್ತಿತ್ತು. ಸುರೇಶ ಮೈಕು ಆರಿಸುತ್ತಿದ್ದ. ಎರಡೂ ಹೊತ್ತು, ದಿನವೂ, ಅದೇ ಜಾಗದಲ್ಲಿ.

"ಕಲ್ಲಿನ ಹಿಂದೆ ಯಾರು ಮೇಷ್ಟ್ರೇ?" ಎಂದು ಅಕ್ಕಯಮ್ಮ ಕೇಳಿದರು.

ಮೇಷ್ಟ್ರಿಗೂ ಗೊತ್ತಿರಲಿಲ್ಲ. ಪೆಟ್ಟಿಗೆ ಬದುಕಿದ್ದ ಒಂದೂವರೆ ದಿನದಲ್ಲಿ ಅವರು ಹಾಡಿನವರೆಗೆ ಮಾತ್ರ ಬಂದಿದ್ದರು. ಗೊತ್ತಿಲ್ಲವೆಂದು ಒಂದು ಮಾತು ಹೇಳಿಬಿಡಬಹುದಿತ್ತು. ಆದರೆ ಯುಗಾದಿಗೆ ಇಂಗ್ಲಿಷ್ ಬರಿಸುತ್ತೇನೆಂದ ಮನುಷ್ಯನಿಗೆ, ಒಂದು ಏಡಿಯ ಬೂಟು ಎಲ್ಲಿದೆಯೆಂದು ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

"ಹಾಗೆಲ್ಲ ಮುಂಚೆ ಹೇಳಬಾರದಮ್ಮಾ. ಟ್ರೇನಿಂಗಲ್ಲೇ ಹೇಳಿದ್ದಾರೆ. ಮಕ್ಕಳ ಕುತೂಹಲ ಹೋಗುತ್ತೆ."

ಮಕ್ಕಳದೇನೋ, ಊರಿನ ಕುತೂಹಲ ಹೋಗಲಿಲ್ಲ. ಕಲ್ಲಿನ ಹಿಂದೆ ಇರುವುದು ಕೊಕ್ಕರೆ, ಏಡಿಯನ್ನೇ ತಿನ್ನಲು ಕಾದಿದೆ ಎಂದು ಸುರೇಶ ಹೇಳಿದ. ಬೂಟು ಕದ್ದಿರುವುದು ಏಡಿಯ ವಾರಗಿತ್ತಿಯೇ ಇರಬೇಕು, ಅಂಥವರನ್ನು ತಾನು ಕಂಡಿದ್ದೇನೆ ಎಂದು ಆದಿಲಕ್ಷ್ಮಿ ಹೇಳಿದಳು.

"ಯಾರೂ ಕದ್ದಿಲ್ಲ," ಎಂದಳು ದೊಡ್ಡಗಂಗಮ್ಮ. "ಈ ಏಡಿ ಕುಡುಕ ನನ್ಮಗ. ರಾತ್ರಿ ಎಲ್ಲೋ ಬಿಟ್ಟು ಬಂದು ಬೆಳಿಗ್ಗೆ ಊರೆಲ್ಲ ಕೇಳ್ಕೊಂಡು ತಿರುಗ್ತಾನೆ. ನಮ್ಮನೆಯೋರು ಹೀಗೇ ಮಾಡ್ತಿದ್ರು, ಚಪ್ಪಲಿಗೆ."

ದಿನಗಳು ಹೋದಂತೆ ಮೇಷ್ಟ್ರು ಡೈರಿಗೆ ಬರುವಾಗ ಸ್ವಲ್ಪ ತಡಮಾಡಿ, ಹೋಗುವಾಗ ಸ್ವಲ್ಪ ಬೇಗ ಮಾಡತೊಡಗಿದರು. ಲಾರಿಯ ಹಾರನ್ ಕೇಳಿದೊಡನೆ ಅವರ ಮೊಪೆಡ್ಡೂ ಸ್ಟಾರ್ಟ್ ಆಗುತ್ತಿತ್ತು.

ಯುಗಾದಿಗೆ ಒಂದು ವಾರವಿದೆಯೆನ್ನುವಾಗ ತಾಲ್ಲೂಕು ಕಚೇರಿಯಿಂದ ನೋಟಿಸ್ ಬಂತು. 'ಮಕ್ಕಳ ಕಲಿಕೆಗಾಗಿ ನೀಡಲಾದ ಶ್ರವಣ ಸಾಮಗ್ರಿಯನ್ನು ಜಾನುವಾರುಗಳಿಗೆ ಬಳಸಲಾಗುತ್ತಿದೆಯೆಂದು ಅನಾಮಧೇಯ ದೂರು ಬಂದಿದ್ದು, ತಾವು ಕೂಡಲೇ ವಿವರಣೆ ನೀಡತಕ್ಕದ್ದು.'

ಮೇಷ್ಟ್ರು ಮೂರು ಸಲ ಬರೆದು ಹರಿದು, ನಾಲ್ಕನೆಯದನ್ನು ಕಳಿಸಿದರು. 'ಜಾನುವಾರುಗಳು ಕೇಳಿಸಿಕೊಳ್ಳುತ್ತಿರುವುದು ನಿಜ. ಆದರೆ ಅವುಗಳನ್ನು ಶಾಲೆಗೆ ದಾಖಲಿಸಿಕೊಂಡಿರುವುದಿಲ್ಲ.'

ಈ ವಿವರಣೆಯಿಂದ ಕಚೇರಿಗೆ ಸಮಾಧಾನವಾಗಲಿಲ್ಲ. ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಶಿಕ್ಷಣ ಸಂಯೋಜಕ ಶಿವಶಂಕರ್ ತಾವೇ ಬೈಕಿನಲ್ಲಿ ಬಂದಿಳಿದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸಾಮಾನ್ಯಕ್ಕೆ ನೀಲಿ, ಕಠಿಣ ಮಾತಿಗೆ ಕೆಂಪು.

"ಆಂಜಿನಪ್ಪನವರೇ, ಸ್ಪೀಕರ್ ಎಲ್ಲಿ?"

ಮೇಷ್ಟ್ರು ಅಕ್ಕಿ ಮೂಟೆಯಿಂದ ತೆಗೆದು ತೋರಿಸಿದರು. ಶಿವಶಂಕರ್ ಮೂಸಿ ನೋಡಿ ಕೆಳಗಿಟ್ಟರು.

"ಪೆನ್‌ಡ್ರೈವ್?"

"ಡೈರಿಯಲ್ಲಿದೆ ಸಾರ್."

"ಡೈರಿಯಲ್ಲಿ." ಕೆಂಪು ಪೆನ್ನು ಹೊರಬಂತು. "ಹೋಗ್ಲಿ, ಮಕ್ಕಳು ಏನು ಕಲಿತಿದ್ದಾರೆ ನೋಡೋಣ." ಎದುರು ಕೂತಿದ್ದ ಮೌನಿಕಾಳನ್ನು ಎಬ್ಬಿಸಿದರು. "ವಾಟ್ ಈಸ್ ಯುವರ್ ನೇಮ್?"

ಮೌನಿಕಾ ತನ್ನ ಕಾಲ ಹೆಬ್ಬೆರಳು ನೋಡಿದಳು. ಅವರು ಪಕ್ಕದವನನ್ನು ಕೇಳಿದರು. ಅವನೂ ಹೆಬ್ಬೆರಳು ನೋಡಿದ. ಹದಿಮೂರು ಮಕ್ಕಳು, ಹದಿಮೂರು ಹೆಬ್ಬೆರಳು. ಕೆಂಪು ಪೆನ್ನು ಬರೆಯುತ್ತಾ ಹೋಯಿತು.

"ಸಾರ್," ಎಂದರು ಮೇಷ್ಟ್ರು. "ಒಂದ್ಸಲ ಮೈಕ್ ಹಾಕಿಸಿದ್ರೆ... ಕೇಳಿದ್ರೆ ಬಹುಶಃ ನೆನಪಾಗಬಹುದು."

ಡೈರಿ ಶಾಲೆಯಿಂದ ಎರಡು ಮನೆ ಆಚೆ. ಶಿವಶಂಕರ್ ಮುಂದೆ, ಮೇಷ್ಟ್ರು ನಡುವೆ, ಮಕ್ಕಳು ಹಿಂದೆ. ಸುರೇಶ ಚೀಟಿ ಬರೆಯುತ್ತ ಕೂತಿದ್ದವನು ಎದ್ದು ನಿಂತ.

"ಈಗಲಾ? ಈ ಹೊತ್ತಲ್ಲಿ ಬೇಡ ಸಾರ್. ಜನ..."

"ಹಾಕ್ರೀ ಅಂದ್ರೆ."

ಸುರೇಶ ಹಾಕಿದ.

"ಗುಡ್ ಮಾರ್ನಿಂಗ್, ಚಿಲ್ಡ್ರನ್! ಸ್ಟ್ಯಾಂಡ್ ಇನ್ ಎ ಲೈನ್!"

ಒಲೆಯ ಮೇಲೆ ಹೋಳಿಗೆಯ ಬೇಳೆ ಬೇಯುತ್ತಿತ್ತು, ಹಸುಗಳು ಮೇಯಲು ಹೋಗಿದ್ದವು, ಸೂರ್ಯ ನೆತ್ತಿಗೆ ಬರುತ್ತಿದ್ದ. ಆದರೆ ಮೈಕು ಕೂಗಿದೆ. ಮೈಕು ಎಂದೂ ಸುಳ್ಳು ಹೇಳಿರಲಿಲ್ಲ. ಮೊದಲು ಒಂದು ಬಾಗಿಲು ತೆರೆಯಿತು, ಆಮೇಲೆ ಹತ್ತು. ಸೀರೆ ಸೆರಗು ಸಿಕ್ಕಿಸಿಕೊಂಡು, ಸೌಟು ಹಿಡಿದ ಕೈಯಲ್ಲೇ ಕ್ಯಾನು ಎತ್ತಿಕೊಂಡು, ಅರ್ಧ ಕ್ಷೌರವಾದ ಮುಖದಲ್ಲಿ, ನಾಲ್ಕು ಬೀದಿಗಳಿಂದ ಜನ ಓಡಿ ಬಂದರು.

ಶಿವಶಂಕರ್ ಎರಡು ಹೆಜ್ಜೆ ಹಿಂದೆ ಸರಿದರು. "ಏನ್ರೀ ಇದು? ಗಲಾಟೆನಾ?"

"ಇಲ್ಲ ಸಾರ್. ಹಾಲು."

"ಲೇ ಸುರೇಶಾ, ಲಾರಿ ಈಗ ಬರುತ್ತೇನ್ಲಾ? ಹಬ್ಬಕ್ಕೆ ಟೈಮು ಬದಲಾಯಿಸಿದ್ರೆ ಮೊದಲೇ ಹೇಳೋಕೆ ಆಗಲ್ವಾ?" ಎಂದು ಜನರಲ್ಲಿ ಒಬ್ಬರು ಕೂಗಿದರು.

"ನನ್ನ ಗೌರಿ ಗುಡ್ಡದ ಮೇಲವ್ಳೆ! ಈ ಬಿಸಿಲಲ್ಲಿ ಎಲ್ಲಿ ಹುಡುಕ್ಲಿ?" ಎಂದು ದೊಡ್ಡಗಂಗಮ್ಮ ಖಾಲಿ ಕ್ಯಾನು ಬಡಿದಳು.

ಬೈಯುತ್ತಲೇ ಎಲ್ಲರೂ ಸಾಲಾಗಿ ನಿಂತಿದ್ದರು. ಶಿವಶಂಕರ್ ಹಿಂದೆ ತಿರುಗಿ ನೋಡಿದರೆ ಒಂದು ಮಗುವೂ ಇರಲಿಲ್ಲ.

"ಮಕ್ಕಳೆಲ್ಲಿ ಆಂಜಿನಪ್ಪನವರೇ?"

ಕೇಳುವಷ್ಟರಲ್ಲಿ ಮಕ್ಕಳು ಮನೆಗಳಿಂದ ಓಡಿ ಬರುತ್ತಿದ್ದರು. ಹದಿಮೂರು ಮಕ್ಕಳು, ಹದಿಮೂರು ಕ್ಯಾನು. ಬಂದು ಅಜ್ಜಿಯರ ನಡುವೆ ತಮ್ಮ ತಮ್ಮ ಜಾಗದಲ್ಲಿ ನಿಂತರು.

"ಶೋ ಮಿ ಯುವರ್ ನೋಸ್!" ಎಂದಿತು ಮೈಕು.

ಐವತ್ತು ಜನ ಮೂಗು ಮುಟ್ಟಿಕೊಂಡರು. ಕ್ಷೌರದ ನೊರೆಯವನ ಮೂಗಿಗೆ ಸೋಪು ಮೆತ್ತಿತು.

ಶಿವಶಂಕರ್ ಸಾಲಿನ ಪಕ್ಕದಲ್ಲಿ ನಿಧಾನವಾಗಿ ನಡೆದು ಹೋದರು. ಮೌನಿಕಾಳ ಹತ್ತಿರ ನಿಂತು, ಇನ್ನೊಮ್ಮೆ ನೋಡೋಣವೆನ್ನುವಂತೆ ಕೇಳಿದರು. "ವಾಟ್ ಈಸ್ ಯುವರ್ ನೇಮ್?"

"ಮೈ ನೇಮ್ ಈಸ್ ಮೌನಿಕಾ," ಎಂದಳು ಹುಡುಗಿ ಕ್ಯಾನಿನ ಹಿಡಿಯನ್ನು ಅತ್ತಿತ್ತ ಆಡಿಸುತ್ತಾ. "ಗುಡ್ ಮಾರ್ನಿಂಗ್ ಸರ್. ಇಟ್ ಈಸ್ ಹಾಟ್."

"ವಾಟ್ ಈಸ್ ದಿಸ್?"

"ದಿಸ್ ಈಸ್ ಎ ಕ್ಯಾನ್. ನೋ ಮಿಲ್ಕ್, ಸರ್. ಕೌ ಈಸ್ ಆನ್ ದಿ ಹಿಲ್."

ಇದು ಪೆನ್‌ಡ್ರೈವಿನಲ್ಲಿ ಇರಲಿಲ್ಲ. ಮೇಷ್ಟ್ರು ಡಿಕ್ಷನರಿಯನ್ನು ಎದೆಗೆ ಒತ್ತಿಕೊಂಡರು. ಅಕ್ಕಯಮ್ಮ ತಮ್ಮ ಕ್ಯಾನನ್ನು ಕೆಳಗಿಟ್ಟು ಮೊಮ್ಮಗಳನ್ನೇ ನೋಡಿದರು.

"ಸ್ಕೂಲಲ್ಲಿ ಕೇಳಿದಾಗ ಯಾಕಮ್ಮಾ ಹೇಳಲಿಲ್ಲ?" ಶಿವಶಂಕರ್ ಕನ್ನಡಕ್ಕೆ ಇಳಿದರು.

"ಅಲ್ಲಿ ಕ್ಯಾನ್ ಇರಲಿಲ್ಲ ಸಾರ್."

ಅವರು ಎರಡನೆಯವನನ್ನು ಕೇಳಿದರು, ಐದನೆಯವಳನ್ನು ಕೇಳಿದರು. ಮೀನು ಏನೆಂದಿತು, ಬೂಟು ಎಷ್ಟು, ಕಾಲು ಎಷ್ಟು. ಎಲ್ಲಕ್ಕೂ ಉತ್ತರ ಬಂತು. ಒಮ್ಮೆ ಮಗು ತಡವರಿಸಿದಾಗ ಹಿಂದಿನಿಂದ ದೊಡ್ಡಗಂಗಮ್ಮ "ಸೆವೆನ್!" ಎಂದು ಕೂಗಿ, ಪರೀಕ್ಷೆಯಲ್ಲಿ ಹೇಳಿಕೊಡಬಾರದೆಂದು ಬೈಸಿಕೊಂಡಳು. ಕೆಂಪು ಪೆನ್ನು ಜೇಬಿಗೆ ಹೋಯಿತು. ಶಿವಶಂಕರರಿಗೂ ರುಚಿ ಹತ್ತಿತ್ತು.

ಮೈಕಿನಲ್ಲಿ ಏಡಿ ಕಲ್ಲಿನ ಹತ್ತಿರ ಬಂತು. ಸುರೇಶನ ಕೈ ಅಭ್ಯಾಸ ತಪ್ಪದೆ ಸ್ವಿಚ್ಚನ್ನು ಒತ್ತಿತು. ದನಿ ನಿಂತಿತು.

"ವೆರಿ ಗುಡ್. ಲಾಸ್ಟ್ ಕೊಶ್ಚನ್," ಎಂದರು ಶಿವಶಂಕರ್. "ಹೂ ಈಸ್ ಬಿಹೈಂಡ್ ದಿ ಸ್ಟೋನ್?"

ಐವತ್ತು ಮುಖಗಳು ಒಟ್ಟಿಗೆ ಮೇಷ್ಟ್ರ ಕಡೆ ತಿರುಗಿದವು.

"ಹೇಳಿ ಮೇಷ್ಟ್ರೇ," ಎಂದರು ಅಕ್ಕಯಮ್ಮ. "ನಾಳೆ ಯುಗಾದಿ. ಇವತ್ತಾದ್ರೂ ಹೇಳಿ."

ಆಂಜಿನಪ್ಪ ಡಿಕ್ಷನರಿಯನ್ನು ಬಲಗೈಯಿಂದ ಎಡಗೈಗೆ ತಂದರು, ಎಡಗೈಯಿಂದ ಬಲಗೈಗೆ ಒಯ್ದರು. ಓಡಲು ಮೊಪೆಡ್ ಶಾಲೆಯ ಹತ್ತಿರವಿತ್ತು.

"ಗೊತ್ತಿಲ್ಲ ಕಣಮ್ಮಾ," ಎಂದರು. "ನಾನೂ ಕೇಳಿಲ್ಲ. ದಿನಾ ಲಾರಿ ಬಂದ್ಬಿಡುತ್ತೆ."

"ನಿಮಗೂ ಗೊತ್ತಿಲ್ವಾ?"

"ಇಲ್ಲ."

"ಎರಡು ತಿಂಗಳಿಂದ?"

"ಎರಡು ತಿಂಗಳಿಂದ."

ಅಕ್ಕಯಮ್ಮ ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ಸುರೇಶನ ಕಡೆ ತಿರುಗಿದರು. "ಲೋ, ಈಗ ಯಾವ ಲಾರಿ ಬರುತ್ತೆ ಅಂತ ಆರಿಸಿದ್ಯೋ? ಹಾಕೋ!"

ಸುರೇಶ ಹಾಕಿದ. ಆಂಪ್ಲಿಫೈಯರು ತನ್ನ ಗುಣ ಬಿಡಲಿಲ್ಲ. ಗುಡ್ ಮಾರ್ನಿಂಗಿನಿಂದ ಶುರುಮಾಡಿತು. ಯಾರೂ ಕದಲಲಿಲ್ಲ. ಊರು ಮತ್ತೊಮ್ಮೆ ಮೂಗು ಮುಟ್ಟಿತು, ಈ ಸಲ ಶಿವಶಂಕರ್ ಕೂಡ. ಎಮ್ಮೆಗೆ ಮತ್ತೊಮ್ಮೆ ಟೋಪಿ ಕೊಟ್ಟರು. ಯಾರ ಮನೆಯಲ್ಲೋ ಬೇಳೆ ಸೀಯುವ ವಾಸನೆ ಬಂತು. ಆದಿಲಕ್ಷ್ಮಿ, "ನಂದೇ ಇರ್ಬೇಕು, ಹೋಗ್ಲಿ ಬಿಡಿ," ಎಂದಳು. ಮೀನು, ಕಪ್ಪೆ, ಬಾತುಕೋಳಿ ದಾಟಿ ಏಡಿ ಕಲ್ಲಿನ ಹತ್ತಿರ ಬಂದಾಗ ಜನ ಕ್ಯಾನು ಮಗುಚಿ ಹಾಕಿ ಅದರ ಮೇಲೆ ಕೂತಿದ್ದರು.

"ಹೂ ಈಸ್ ಬಿಹೈಂಡ್ ದಿ ಸ್ಟೋನ್?"

ಲಾರಿ ಬರಲಿಲ್ಲ. ಒಂದು ಸಣ್ಣ ದನಿ ಉತ್ತರಿಸಿತು. "ಇಟ್ ಈಸ್ ಮಿ. ಎ ಸ್ನೇಲ್."

ಮೇಷ್ಟ್ರು ಅವಸರದಿಂದ ಡಿಕ್ಷನರಿಯ ಹಾಳೆ ತಿರುವಿದರು.

"ಬಸವನಹುಳ," ಎಂದಳು ಮೌನಿಕಾ.

"ನಿಂಗೆ ಹೇಗೆ ಗೊತ್ತಾಯ್ತೇ?"

"ನೀವೇ ಬೋರ್ಡ್ ಮೇಲೆ ಬರೆದಿದ್ರಲ್ಲ ಸಾರ್, ಚಿತ್ರ ಹಾಕಿ. ಅದು ಜಿಲೇಬಿ ಥರ ಇತ್ತು."

ಮೇಷ್ಟ್ರು ಡಿಕ್ಷನರಿ ಮುಚ್ಚಿದರು. ಮುಂದಿನದನ್ನು ಮೌನಿಕಾಳೇ ಒಂದೊಂದೇ ಮಾತಾಗಿ ಸಾಲಿಗೆ ಹೇಳುತ್ತಾ ಹೋದಳು.

"ಮೈ ಹೌಸ್ ಈಸ್ ಬ್ರೋಕನ್," ಎಂದಿತು ಮೈಕು.

"ಅದರ ಮನೆ ಒಡೆದೋಗಿದೆಯಂತೆ. ಬೆನ್ನ ಮೇಲಿನ ಚಿಪ್ಪು. ಅದಕ್ಕೇ ಬೂಟೊಳಗೆ ಮಲಗಿದೆಯಂತೆ."

"ಅಯ್ಯೋ ಪಾಪ. ಏಡಿ ಏನಂತು? ಒದೀತಾ?" ದೊಡ್ಡಗಂಗಮ್ಮ ಕೇಳಿದಳು.

"ಶ್... ಕೇಳಜ್ಜೀ."

ಏಡಿ ತನ್ನ ಕಾಲಿನ ಬೂಟುಗಳನ್ನು ಎಣಿಸಿಕೊಂಡಿತು. "ಕೀಪ್ ಇಟ್," ಎಂದಿತು. "ಐ ಹ್ಯಾವ್ ಸೆವೆನ್."

"ಇಟ್ಕೋ ಅಂತು," ಎಂದಳು ಮೌನಿಕಾ. "ನಂಗೆ ಇನ್ನೂ ಏಳಿದಾವೆ ಅಂತು. ಕಥೆ ಮುಗೀತು."

ಜನ ಒಬ್ಬೊಬ್ಬರಾಗಿ ಮಗುಚಿದ ಕ್ಯಾನಿನಿಂದ ಎದ್ದರು.

"ಒಳ್ಳೆ ಏಡಿ," ಎಂದಳು ದೊಡ್ಡಗಂಗಮ್ಮ, ಸೆರಗಿನಿಂದ ಮುಖ ಒರೆಸಿಕೊಂಡು. "ಸುಮ್ನೆ ಕುಡುಕ ಅಂದ್ಬಿಟ್ಟೆ."

ಶಿವಶಂಕರ್ ಡೈರಿಯ ಮೆಟ್ಟಿಲ ಮೇಲೆ ಕೂತು ವರದಿ ಬರೆದರು, ನೀಲಿ ಪೆನ್ನಿನಲ್ಲಿ. ಜಾನುವಾರುಗಳ ವಿಷಯ 'ಪರಿಶೀಲಿಸಲಾಗಿ, ತಪಾಸಣೆಯ ವೇಳೆ ಯಾವುದೇ ಜಾನುವಾರು ಹಾಜರಿರಲಿಲ್ಲ' ಎಂದು ಮುಗಿಯಿತು. ಬಳಸಿದ ಕಲಿಕೋಪಕರಣಗಳು ಎಂಬಲ್ಲಿ ಸ್ವಲ್ಪ ಯೋಚಿಸಿ, 'ಹಾಲಿನ ಕ್ಯಾನು, 13' ಎಂದು ಬರೆದರು. ಹೋಗುವಾಗ ಅಕ್ಕಯಮ್ಮನ ಮನೆಯ ಮೊದಲ ಹೋಳಿಗೆಗಳಲ್ಲಿ ಎರಡು ಅವರ ಬೈಕಿನ ಚೀಲದೊಳಗಿದ್ದವು.

ಅಕ್ಕಯಮ್ಮ ಮಾತ್ರ ಆ ದಿನ ಮೇಷ್ಟ್ರಿಗೆ ವ್ಯಾನಿನ ವಿಷಯ ಏನೂ ಹೇಳಲಿಲ್ಲ. ಯುಗಾದಿಯ ದಿನವೂ ಹೇಳಲಿಲ್ಲ. ಶಾಲೆಗೆ ರಜೆ ಬಂತು. ರಜೆಯಲ್ಲೂ ಮೇಷ್ಟ್ರು ಸಂಜೆ ಹಾಲಿನ ನೆವ ಮಾಡಿಕೊಂಡು ಬಂದರು, ಸಾಲಿನ ಪಕ್ಕದಲ್ಲಿ ನಿಂತರು, ಕೇಳಲು ಬಾಯಿ ಬಾರದೆ ಹೋದರು. ಯಲ್ದೂರಿನಲ್ಲಿ ಹಾಲು ಸಿಗುವುದಿಲ್ಲವೇ ಎಂದು ಅವರ ಹೆಂಡತಿ ಕೇಳಿದರು.

ಮೇ ಕೊನೆಯ ವಾರ ಒಂದು ಸಂಜೆ ಹಳದಿ ವ್ಯಾನು ಊರೊಳಗೆ ಬಂದು ಡೈರಿಯ ಮುಂದೆ ನಿಂತಿತು. ಡ್ರೈವರ್ ಪಟ್ಟಿ ಹಿಡಿದು ಇಳಿದ. ಆಂಜಿನಪ್ಪ ತಮ್ಮ ಅರ್ಧ ಲೀಟರಿನ ಡಬ್ಬಿ ಹಿಡಿದು ಗೋಡೆಯ ಕಡೆ ಸರಿದರು.

"ಅಮ್ಮಾ, ಈ ಊರಿಂದ ಐದು ಮಕ್ಕಳು ಅಂದಿದ್ರಂತೆ. ಹೆಸರು ಬರೆಸ್ತೀರಾ?"

"ಬರೆಸೋಣ. ಒಂದು ಮಾತು ಕೇಳ್ಬೇಕಿತ್ತು," ಎಂದರು ಅಕ್ಕಯಮ್ಮ. "ನಿಮ್ಮ ಸ್ಕೂಲಿಗೆ ಕ್ಯಾನು ತರೋಕೆ ಬಿಡ್ತೀರಾ?"

"ಯಾವ ಕ್ಯಾನು?"

"ಹಾಲಿನ ಕ್ಯಾನು. ಅದು ಕೈಯಲ್ಲಿಲ್ದೆ ನಮ್ಮ ಹುಡುಗಿಗೆ ಇಂಗ್ಲಿಷ್ ಬರಲ್ಲ."

ಡ್ರೈವರ್ ಆಚೆ ಹೋಗಿ ಯಾರಿಗೋ ಫೋನ್ ಮಾಡಿದ. ಕ್ಯಾನು ಎಂದು ಮೂರು ಸಲ ಹೇಳಿದ, ಹಾಲಿಂದು ಎಂದು ಎರಡು ಸಲ ಹೇಳಿದ. ತಿರುಗಿ ಬಂದು, "ಆಗಲ್ವಂತೆ ಅಮ್ಮಾ," ಎಂದ.

"ಹಾಗಾದ್ರೆ ನಮಗೂ ಆಗಲ್ಲ ಬಿಡಪ್ಪಾ," ಎಂದರು ಅಕ್ಕಯಮ್ಮ. ಆಮೇಲೆ ಗೋಡೆಯ ಕಡೆ ನೋಡದೆಯೇ, "ಮೇಷ್ಟ್ರೇ, ಅಲ್ಲೇನು ಅವಿತ್ಕೊಂಡಿದ್ದೀರಿ? ಹಾಲು ಬೇಕಿದ್ರೆ ಮುಂದಕ್ಕೆ ಬನ್ನಿ," ಎಂದರು.

ಗಂಟೆ ಐದೂವರೆಯಾಯಿತು. ಮಾಳಿಗೆಯ ಮೇಲಿನಿಂದ ಆ ಹೆಂಗಸು ಉತ್ಸಾಹದಿಂದ ಊರಿಗೆ ಗುಡ್ ಮಾರ್ನಿಂಗ್ ಹೇಳಿದಳು. ನಾಲ್ಕು ಬೀದಿಗಳಿಂದ ಕ್ಯಾನುಗಳು ಬಂದವು. ದಾರಿಗೆ ಅಡ್ಡವಾಗಿ ಪಟ್ಟಿ ಹಿಡಿದು ನಿಂತಿದ್ದ ಡ್ರೈವರನ ತೋಳನ್ನು ದೊಡ್ಡಗಂಗಮ್ಮ ತಿವಿದಳು.

"ಏನಪ್ಪಾ, ಆ ಯಮ್ಮ ಅಷ್ಟು ಕೂಗಿ ಹೇಳ್ತಾ ಇದ್ದಾಳೆ, ಅರ್ಥ ಆಗಲ್ವಾ? ಕಾನ್ವೆಂಟಿನೋನು ಅಂತೀಯ! ಲೈನಿಗೆ ಬಾ."

ಅವನು ಹೋಗಿ ಕೊನೆಯಲ್ಲಿ ನಿಂತ. ಅವನ ಹಿಂದೆ ಆಂಜಿನಪ್ಪ ಮೇಷ್ಟ್ರು ಡಬ್ಬಿ ಹಿಡಿದು ನಿಂತರು. ಮೂಗು ಮುಟ್ಟುವ ಹೊತ್ತು ಬಂದಾಗ ಮೊದಲು ಮುಟ್ಟಿದವರು ಅವರೇ.